ಓಡಿದ ಮರುದಿನದ ಬ್ಲಡ್ ರಿಪೋರ್ಟ್

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ, ಇರುವುದು ಡೊಂಬಿವಿಲಿಯಲ್ಲಿ. ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಪೂರ್ತಿ 42 ಕಿ.ಮೀ. ಓಡಿದೆ. ಮರುದಿನವೇ ಆಫೀಸಿನ ಚೆಕಪ್ ಇತ್ತು. ಹಿಮೋಗ್ಲೋಬಿನ್ 12.7, ಬಿಳಿ ರಕ್ತಕಣ 13,000, ಲಿವರ್ ಟೆಸ್ಟಿನ ಎಸ್‌ಜಿಒಟಿಯೂ ಜಾಸ್ತಿ. 'ಓಡಿ ಓಡಿ ರಕ್ತವೆಲ್ಲ ನೀರಾಗಿದೆ' ಅಂತಾರೆ ನಮ್ಮತ್ತೆ. ಐರನ್ ಮಾತ್ರೆ ಶುರು ಮಾಡಲೇ? ಮುಂದಿನ ತಿಂಗಳು ಸಂಘದ ಶಿಬಿರದಲ್ಲಿ ರಕ್ತ ಕೊಡಬಹುದೇ?

ಉತ್ತರ: ನಿಮ್ಮತ್ತೆಯ ಮಾತು ಅರ್ಧ ನಿಜ. ದೂರ ಓಡುವವರ ರಕ್ತದಲ್ಲಿ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಶೇಕಡ 10ರಿಂದ 20ರವರೆಗೂ ಹೆಚ್ಚುತ್ತದೆ. ಕೆಂಪುಕಣ ಅಷ್ಟು ಬೇಗ ಹೆಚ್ಚುವುದಿಲ್ಲ. ಹಾಗಾಗಿ ಡೆಸಿಲೀಟರ್ ಲೆಕ್ಕದಲ್ಲಿ ಅಳೆದಾಗ ಹಿಮೋಗ್ಲೋಬಿನ್ ಕಡಿಮೆ ಕಾಣುತ್ತದೆ. ಉದ್ದ ಓಟದ ಮರುದಿನವಂತೂ ಇನ್ನೂ ಕಡಿಮೆ. ಬಿಳಿ ಕಣ ಏರುವುದೂ ಮಾಮೂಲಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಎಸ್‌ಜಿಒಟಿ ಬರೀ ಲಿವರ್‌ನದಲ್ಲ, ದಣಿದ ಸ್ನಾಯುವಿನಿಂದಲೂ ಬರುತ್ತದೆ. ಅಂಥ ದಿನ ಚೆಕಪ್ ಇಟ್ಟವರಿಗೆ ಏನನ್ನಬೇಕೋ!

ಆದರೆ ಓಟಗಾರರಲ್ಲಿ ಕಬ್ಬಿಣ ನಿಜವಾಗಿಯೂ ಇಳಿಯಬಹುದು. ಪಾದ ನೆಲಕ್ಕೆ ಬಡಿದಾಗೆಲ್ಲ ಅಂಗಾಲಿನ ಸಣ್ಣ ರಕ್ತನಾಳಗಳಲ್ಲಿ ಒಂದಷ್ಟು ಕೆಂಪುಕಣ ಒಡೆಯುತ್ತವೆ. ಮೈಲುಗಟ್ಟಲೆ ನಡೆದ ಜರ್ಮನ್ ಸೈನಿಕನೊಬ್ಬನ ಮೂತ್ರ ಕೆಂಪಾದದ್ದನ್ನು 1881ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. ಇನ್ನೊಂದು ಕಾರಣ ಹೆಪ್ಸಿಡಿನ್. ಲಿವರ್ ಹೊರಬಿಡುವ ಈ ಹಾರ್ಮೋನ್ ಓಡಿದ 3ರಿಂದ 6 ಗಂಟೆಯಲ್ಲಿ ಏರಿ, ಕರುಳು ಕಬ್ಬಿಣ ಹೀರದಂತೆ ತಡೆಯುತ್ತದೆ. ಭಾನುವಾರ ಓಡಿ ಮಾಟುಂಗದಲ್ಲಿ ಇಡ್ಲಿ ತಿಂದ ಕೂಡಲೇ ಫಿಲ್ಟರ್ ಕಾಫಿ ಕುಡಿಯುತ್ತೀರಲ್ವಾ? ಅದೂ ಕಬ್ಬಿಣಕ್ಕೆ ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯಿರಿ. ಬೈಸಿಕೊಳ್ಳುತ್ತೇನೆ, ಗೊತ್ತು.

ಮಾತ್ರೆ ಸುಮ್ನೆ ಶುರು ಮಾಡಬೇಡಿ. ಒಂದು ವಾರ ಜೋರಾಗಿ ಓಡದೆ ಇದ್ದು, ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಟೆಸ್ಟ್, ಮಾಡಿಸಿ. ಓಟದ ಬೆನ್ನಿಗೇ ಮಾಡಿಸಿದರೆ ಫೆರಿಟಿನ್ ಸುಳ್ಳೇ ಜಾಸ್ತಿ ಬರುತ್ತದೆ. ಅದು 30ಕ್ಕಿಂತ ಕೆಳಗಿದ್ದರೆ ಎಲ್ಲವನ್ನೂ ಓಟದ ತಲೆಗೆ ಕಟ್ಟಬೇಡಿ. ನಿಮ್ಮ ವಯಸ್ಸಿನ ಗಂಡಸರಲ್ಲಿ ಮೂಲವ್ಯಾಧಿ, ಹೊಟ್ಟೆಯ ಹುಣ್ಣು ಇವುಗಳಿಂದ ರಕ್ತ ಸೋರುತ್ತಿದೆಯೇ ಅಂತಲೂ ನೋಡಲೇಬೇಕು. ಮಂಡಿನೋವಿಗೆ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಓಡಿದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಕಿಡ್ನಿಯ ಪ್ರಶ್ನೆ.

ರಕ್ತದಾನಕ್ಕೆ ಹಿಮೋಗ್ಲೋಬಿನ್ 12.5 ಇದ್ದರೆ ಸಾಕು, ಶಿಬಿರದಲ್ಲಿ ನೀವು ಪಾಸಾಗುತ್ತೀರಿ. ಆದರೂ ಫೆರಿಟಿನ್ ರಿಪೋರ್ಟ್ ಬರುವವರೆಗೆ ಕೊಡಬೇಡಿ. ಈ ಸಲ ಶಿಬಿರದ ಮೇಜಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಮಾಡಿ.