ಏಜೆನ್ಸಿ ಬದಲಿಸುವ ಮುಂಚೆ ಖಾತೆಗಳನ್ನು ನಿಮ್ಮ ಕೈಗೆ ತಗೊಳ್ಳಿ

ನಿಮ್ಮ ವ್ಯಾಪಾರದ ವೆಬ್‌ಸೈಟ್, ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಯನ್ನು ಬದಲಿಸಬೇಕು, ಆದರೆ ನಾಲ್ಕು ವರ್ಷದಿಂದ ಜೊತೆಗಿರುವ ಅವರು ಖಾತೆಗಳ ಲಾಗಿನ್ ಕೇಳಿದರೆ ಜಾರಿಕೊಳ್ಳುತ್ತಿದ್ದಾರೆ ಅಂದಿರಲ್ಲ, ಬಹುಶಃ ಶುರುವಿನಲ್ಲೇ ಎಲ್ಲ ಖಾತೆಗಳನ್ನೂ ಅವರ ಈಮೇಲ್‌ನಲ್ಲೇ ತೆರೆದಿದ್ದಾರೆ. ನಮಗೂ ಹೀಗೇ ಆಗಿತ್ತು. ಮೊದಲು ಡೊಮೈನ್, ಅಂದರೆ ನಿಮ್ಮ ವೆಬ್‌ಸೈಟ್‌ನ ವಿಳಾಸ, ಯಾರ ಹೆಸರಲ್ಲಿದೆ ನೋಡಿ. ಅವರ ಹೆಸರಲ್ಲಿದ್ದರೆ ನಿಮ್ಮ ಹೆಸರಿಗೆ ಬದಲಿಸಲು ಅವರ ಒಪ್ಪಿಗೆ ಬೇಕಾಗುತ್ತದೆ, ಅದಕ್ಕೇ ಜಗಳ ಮಾಡದೆ, ಮುಂದಿನ ಬಿಲ್ ಕಟ್ಟುವಾಗಲೇ ಈಮೇಲ್‌ನಲ್ಲಿ ಬರೆದು ಕೇಳಿ. ಆಮೇಲೆ ಗೂಗಲ್ ಬಿಸಿನೆಸ್ ಪ್ರೊಫೈಲ್‌ನ (ಗೂಗಲ್ ಹುಡುಕಾಟ, ಮ್ಯಾಪ್‌ನಲ್ಲಿ ಕಾಣುವ ನಿಮ್ಮ ವ್ಯಾಪಾರದ ಪುಟ) ಮಾಲೀಕತ್ವಕ್ಕೆ ಕೋರಿಕೆ ಕಳಿಸಿ. ಅವರಿಗೆ ಉತ್ತರಿಸಲು 3 ದಿನ ಇರುತ್ತದೆ, ಸುಮ್ಮನಿದ್ದರೆ ನೀವೇ ಪಡೆಯುವ ಆಯ್ಕೆ ಬರಬಹುದು. ಗೂಗಲ್ ಆ್ಯಡ್ಸ್ (ಜಾಹೀರಾತಿನ ಖಾತೆ), ಅನಲಿಟಿಕ್ಸ್ (ವೆಬ್‌ಸೈಟ್‌ಗೆ ಬರುವವರ ಲೆಕ್ಕ) ಎರಡರಲ್ಲೂ ಎಲ್ಲವನ್ನೂ ಬದಲಿಸಬಲ್ಲ ಅಡ್ಮಿನ್ ಹಕ್ಕೇ ಬೇಕು, ಬರೀ ನೋಡುವ ಹಕ್ಕು ಸಾಲದು. ಬೇಜಾರಾಗಿ ಹೊಸ ಆ್ಯಡ್ಸ್ ಖಾತೆ ಮಾತ್ರ ತೆರೆಯಬೇಡಿ, ನಾಲ್ಕು ವರ್ಷದ ಜಾಹೀರಾತಿನ ಲೆಕ್ಕವೆಲ್ಲ ಹಳೆಯದರಲ್ಲೇ ಉಳಿಯುತ್ತದೆ. ಇಷ್ಟೂ ಕೈಗೆ ಬರುವ ತನಕ ಒಪ್ಪಂದ ಮುಗಿಸುವ ಪತ್ರ ಕಳಿಸಬೇಡಿ.