ಶನಿವಾರ ಮಧ್ಯಾಹ್ನದ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಲ್ಲಿ ಹೋಯಿತು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಮತ್ತು ಟಿ.ವಿ. ಬಗ್ಗೆ ಅಲ್ಲಿರುವ ಕನ್ನಡಿಗರಿಂದಲೂ ಇಲ್ಲಿಯ ಆಟದ ಅಭಿಮಾನಿಗಳಿಂದಲೂ ಪ್ರಶ್ನೆಗಳು ಬಂದಿವೆ. ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಿಸಿದವರು ಕ್ರೀಡಾ ಪ್ರಸಾರದ ತಜ್ಞರು.

ಪ್ರಶ್ನೆ: ನಾವು ನಾರ್ತ್ ಕೆರೊಲಿನಾದ ಕ್ಯಾರಿಗೆ ಬಂದ ಹೊಸದರಲ್ಲಿ ಡ್ಯೂಕ್, ಯುಎನ್‌ಸಿ (ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ) ಕಾಲೇಜು ತಂಡಗಳ ಪಂದ್ಯಗಳೆಲ್ಲ ಊರಿನ ಮಾಮೂಲಿ ಚಾನೆಲ್‌ನಲ್ಲೇ ಬರುತ್ತಿದ್ದವು. ಮೂಲೆಯಲ್ಲಿ ‘ರೇಕಾಂ’ ಅಂತ ಇರುತ್ತಿತ್ತು. ಆಂಟೆನಾ ಇದ್ದರೆ ಸಾಕಿತ್ತು. ಈಗ ಎಲ್ಲದಕ್ಕೂ ಚಂದಾ ಕೇಳುತ್ತಾರೆ. ಆ ರೇಕಾಂ ಚಾನೆಲ್ ಏನಾಯಿತು? — ಓದುಗರು, ಕ್ಯಾರಿ

ರೇಕಾಂ ಚಾನೆಲ್ ಆಗಿರಲೇ ಇಲ್ಲ. ಅದು 1979ರಲ್ಲಿ ರಿಕ್ ರೇ ಮತ್ತು ಡೀ ರೇ ದಂಪತಿ ಷಾರ್ಲೆಟ್‌ನಲ್ಲಿ ಶುರು ಮಾಡಿದ ಕಂಪನಿ. ಪಂದ್ಯ ತೋರಿಸುವ ಹಕ್ಕನ್ನು ಕೊಂಡುಕೊಳ್ಳುವುದು, ಕ್ಯಾಮೆರಾ, ಕಾಮೆಂಟರಿ ಎಲ್ಲ ಹೊಂದಿಸಿ ಪಂದ್ಯವನ್ನು ಟಿ.ವಿ.ಗೆ ತಯಾರು ಮಾಡುವುದು, ಆಮೇಲೆ ಅದನ್ನು ಊರೂರಿನ ಸ್ಟೇಷನ್‌ಗಳಿಗೆ ಹಂಚುವುದು, ಇಷ್ಟು ಅದರ ಕೆಲಸ. ಈ ಹಂಚಿಕೆಗೇ ಸಿಂಡಿಕೇಷನ್ ಅನ್ನುತ್ತಾರೆ.

ಇದು ಅರ್ಥವಾಗಬೇಕಾದರೆ ಅಲ್ಲಿಯ ಟಿ.ವಿ. ವ್ಯವಸ್ಥೆ ಗೊತ್ತಿರಬೇಕು. ನಮ್ಮಲ್ಲಿ ಒಂದು ಚಾನೆಲ್ ಬೀದರ್‌ನಿಂದ ಚಾಮರಾಜನಗರದವರೆಗೆ ಒಂದೇ ಥರ ಕಾಣುತ್ತದೆ. ಅಮೆರಿಕದಲ್ಲಿ ರಾಲಿಗೆ ಅದರದೇ ಸ್ಟೇಷನ್‌ಗಳು, ಷಾರ್ಲೆಟ್‌ಗೆ ಅದರದೇ ಸ್ಟೇಷನ್‌ಗಳು. ಅವು ಎನ್‌ಬಿಸಿ, ಸಿಬಿಎಸ್, ಎಬಿಸಿಯಂಥ ನೆಟ್‌ವರ್ಕ್‌ಗಳ ಕಾರ್ಯಕ್ರಮ ತೋರಿಸುತ್ತವೆ, ಜೊತೆಗೆ ಊರಿನ ಸುದ್ದಿಯನ್ನು ತಾವೇ ಮಾಡುತ್ತವೆ. ನೆಟ್‌ವರ್ಕ್‌ನಿಂದ ಬಂದ ಕಾರ್ಯಕ್ರಮವನ್ನು ಕೆಲವೊಮ್ಮೆ ಪಕ್ಕಕ್ಕಿಟ್ಟು ಬೇರೆಯದನ್ನು ಹಾಕುವ ಸ್ವಾತಂತ್ರ್ಯವೂ ಅವಕ್ಕಿದೆ. ರೇಕಾಂನಂಥವರು ಬಳಸಿಕೊಂಡದ್ದು ಈ ಸ್ವಾತಂತ್ರ್ಯವನ್ನೇ. ಒಂದೊಂದು ಊರಿನಲ್ಲಿ ಒಂದೊಂದು ಸ್ಟೇಷನ್ ಹಿಡಿದರು. ಶನಿವಾರ ಮಧ್ಯಾಹ್ನವೋ ವಾರದ ನಡುವಿನ ಒಂದು ರಾತ್ರಿಯೋ ಆ ಸ್ಟೇಷನ್‌ಗಳಿಗೆ ಒಂದೇ ಪಂದ್ಯ ಹೋಗುತ್ತಿತ್ತು. ಒಂದೇ ಹೊತ್ತಿಗೆ ಎರಡು ಪಂದ್ಯ ಇದ್ದರೆ ಅದೂ ನಡೆಯುತ್ತಿತ್ತು. ರಾಲಿಯ ಸ್ಟೇಷನ್ ಯುಎನ್‌ಸಿ ಆಟ ಹಾಕಿದರೆ ವರ್ಜೀನಿಯಾದ ಸ್ಟೇಷನ್ ತನ್ನ ರಾಜ್ಯದ ತಂಡದ ಆಟ ಹಾಕುತ್ತಿತ್ತು.

ದುಡ್ಡು ಎಲ್ಲಿಂದ ಅಂತೀರಾ? ಜಾಹೀರಾತಿನಿಂದ. ಇಂಥ ಹಂಚಿಕೆಯಲ್ಲಿ ಸ್ಟೇಷನ್ ನಗದು ಕೊಡಲೇಬೇಕು ಅಂತಿಲ್ಲ. ಪಂದ್ಯದೊಳಗಿನ ಜಾಹೀರಾತಿನ ಸಮಯವನ್ನು ಇಬ್ಬರೂ ಹಂಚಿಕೊಂಡರೆ ಮುಗಿಯಿತು. ಕಾಲೇಜು ಆಟದಲ್ಲಿ ಪ್ರತಿ ಅರ್ಧದಲ್ಲೂ 16, 12, 8, 4 ನಿಮಿಷ ಉಳಿದಿರುವಾಗ, ಅದಾದ ಮೇಲೆ ಆಟ ನಿಂತ ಮೊದಲ ಕ್ಷಣದಲ್ಲಿ ಟಿ.ವಿ.ಗೆಂದೇ ಒಂದು ಟೈಮ್‌ಔಟ್ ಇರುತ್ತದೆ. ಆ ಬಿಡುವಿನಲ್ಲಿ ಮೊದಲು ಇಡೀ ಪ್ರದೇಶಕ್ಕೆ ಮಾರಿದ ಜಾಹೀರಾತು ಬರುತ್ತದೆ. ಆಮೇಲೆ ಸಂಕೇತ ಸಿಕ್ಕ ಕೂಡಲೇ ಊರಿನ ಸ್ಟೇಷನ್‌ನಲ್ಲಿ ಕೂತ ಆಪರೇಟರ್ ತನ್ನ ಪಾಲಿನ ಜಾಹೀರಾತು ಬಿಡುತ್ತಾನೆ. ರಾಲಿಯಲ್ಲಿ ಅಲ್ಲಿಯ ಕಾರ್ ಶೋರೂಂ, ಷಾರ್ಲೆಟ್‌ನಲ್ಲಿ ಅಲ್ಲಿಯ ಪೀಠೋಪಕರಣದ ಅಂಗಡಿ. ಮತ್ತೆ ಆಟಕ್ಕೆ ವಾಪಸ್. ಚೆಂಡು ಎಲ್ಲರ ಮನೆಯಲ್ಲೂ ಒಂದೇ, ಅಂಗಡಿ ಮಾತ್ರ ಅವರವರ ಊರಿನದು.

ಇದು ನಿಂತಿದ್ದು ಕೇಬಲ್ ದುಡ್ಡಿನಿಂದ. ಕೇಬಲ್ ಚಾನೆಲ್‌ಗೆ ಜಾಹೀರಾತಿನ ಜೊತೆಗೆ ಪ್ರತಿ ಮನೆಯಿಂದ ತಿಂಗಳು ತಿಂಗಳು ಒಂದಿಷ್ಟು ಹಣ ಬರುತ್ತದೆ. ಆ ಮನೆಯವರು ಆಟ ನೋಡಲಿ ಬಿಡಲಿ, ಬರುತ್ತದೆ. ಇದರ ಮುಂದೆ ಬರೀ ಜಾಹೀರಾತು ನಂಬಿದ ವ್ಯಾಪಾರ ಎಷ್ಟು ದಿನ ನಿಂತೀತು? ನೀವು ಹೇಳುವ ತಂಡಗಳು ಸೇರಿದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ ಅನ್ನುವ ಕಾಲೇಜುಗಳ ಒಕ್ಕೂಟ, 2010ರಲ್ಲಿ ಇಎಸ್‌ಪಿಎನ್ ಅನ್ನುವ ಕೇಬಲ್ ಕ್ರೀಡಾ ಚಾನೆಲ್ ಜೊತೆ 12 ವರ್ಷದ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ ಸುಮಾರು 15.5 ಕೋಟಿ ಡಾಲರ್. ಅಲ್ಲಿಂದ ಮುಂದೆ ರೇಕಾಂ ಇಎಸ್‌ಪಿಎನ್‌ನಿಂದ ಒಂದು ಪಾಲು ಪಡೆದು ಸ್ಟೇಷನ್‌ಗಳಿಗೆ ಹಂಚುತ್ತಿತ್ತು. 2019ರ ಮಾರ್ಚ್‌ನಲ್ಲಿ ರೇಕಾಂನ ತವರಾದ ಷಾರ್ಲೆಟ್‌ನಲ್ಲೇ ಎಸಿಸಿ ಟೂರ್ನಿ ನಡೆಯಿತು. ಫೈನಲ್‌ನಲ್ಲಿ ಡ್ಯೂಕ್ ತಂಡ ಫ್ಲಾರಿಡಾ ಸ್ಟೇಟ್ ತಂಡವನ್ನು 73-63ರಿಂದ ಸೋಲಿಸಿತು. ಆ ಹಳೆಯ ಹಂಚಿಕೆ ಅಲ್ಲಿಗೆ ಮುಗಿಯಿತು. ಅದೇ ವರ್ಷ ಆಗಸ್ಟ್ 22ಕ್ಕೆ ಎಸಿಸಿ ನೆಟ್‌ವರ್ಕ್ ಅನ್ನುವ ಚಂದಾ ಚಾನೆಲ್ ಶುರುವಾಯಿತು. ದೇಶದ ದೊಡ್ಡ ಕೇಬಲ್ ಕಂಪನಿಗಳಲ್ಲಿ ಒಂದಾದ ಕಾಮ್‌ಕಾಸ್ಟ್ 2021ರ ಕೊನೆಯವರೆಗೂ ಅದನ್ನು ತೋರಿಸಲೇ ಇಲ್ಲ.

ಕಾಲೇಜುಗಳಿಗೆ ದುಡ್ಡು ಜಾಸ್ತಿ ಬಂತು, ನಿಜ. ತೋರಿಸುವ ಪಂದ್ಯಗಳೂ ಜಾಸ್ತಿಯಾದವು. ಆದರೂ ನನಗೆ ಇದು ನಷ್ಟವೇ. ದುಡ್ಡು ಕೊಡದೆ ಆಟ ನೋಡಿ ಅಭಿಮಾನಿಯಾದ ಮೂರು ತಲೆಮಾರು ಅಲ್ಲಿದೆ. ಇಎಸ್‌ಪಿಎನ್ ಅಷ್ಟು ಬೆಲೆ ಕೊಟ್ಟು ಕೊಂಡದ್ದು ಆ ಅಭಿಮಾನವನ್ನೇ. ಅದನ್ನು ಬೆಳೆಸಿದ್ದು ಊರಿನ ಸ್ಟೇಷನ್‌ಗಳು.

ಪ್ರಶ್ನೆ: ಈ ಪದ್ಧತಿ ಶುರು ಮಾಡಿದ್ದು ಯಾರು? — ಓದುಗರು, ಬೆಂಗಳೂರು

ಎಸಿಸಿ ಮಟ್ಟಿಗೆ ಸಿ.ಡಿ. ಚೆಸ್ಲಿ ಅನ್ನುವವರು. 1957ರ ಮಾರ್ಚ್‌ನಲ್ಲಿ ಯುಎನ್‌ಸಿ ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಟೂರ್ನಿಯ ಕೊನೆಯ ಹಂತ ಮುಟ್ಟಿತ್ತು. ಪಂದ್ಯ ದೂರದ ಕನ್ಸಾಸ್ ಸಿಟಿಯಲ್ಲಿ. ಚೆಸ್ಲಿ ಅಲ್ಲಿಂದ ನಾರ್ತ್ ಕೆರೊಲಿನಾದ ಬೆರಳೆಣಿಕೆಯ ಸ್ಟೇಷನ್‌ಗಳಿಗೆ ಪ್ರಸಾರ ಹೊಂದಿಸಿದರು. ಆಗ ಉಪಗ್ರಹ ಇಲ್ಲ. ಟೆಲಿಫೋನ್ ಕಂಪನಿಯ ಲೈನ್ ಬಾಡಿಗೆಗೆ ಹಿಡಿದು ಚಿತ್ರ ತರಿಸಬೇಕಿತ್ತು.

ಅದೃಷ್ಟ ನೋಡಿ. ಸೆಮಿಫೈನಲ್‌ನಲ್ಲಿ ಮಿಷಿಗನ್ ಸ್ಟೇಟ್ ವಿರುದ್ಧ ಮೂರು ಓವರ್‌ಟೈಮ್, ಅಂದರೆ ಸ್ಕೋರ್ ಸಮವಾದಾಗ ಆಡುವ ಹೆಚ್ಚುವರಿ ಆಟ. ಮರುದಿನ ರಾತ್ರಿ ಫೈನಲ್‌ನಲ್ಲಿ ಕನ್ಸಾಸ್ ವಿರುದ್ಧ ಮತ್ತೆ ಮೂರು ಓವರ್‌ಟೈಮ್. ಎದುರಿಗೆ ಏಳಡಿ ಎತ್ತರದ ವಿಲ್ಟ್ ಚೇಂಬರ್ಲಿನ್. ಕೊನೆಯ ಸೆಕೆಂಡುಗಳಲ್ಲಿ ಜೋ ಕ್ವಿಗ್ ಎರಡು ಫ್ರೀ ಥ್ರೋ ಹಾಕಿದರು. 54-53. ಊರಿನಲ್ಲಿ ಜನ ಮಧ್ಯರಾತ್ರಿ ದಾಟಿದರೂ ಟಿ.ವಿ. ಮುಂದಿಂದ ಏಳಲಿಲ್ಲ. ಇಂಥ ಎರಡು ರಾತ್ರಿ ಸಿಕ್ಕಿದ ಮೇಲೆ ಪ್ರಾಯೋಜಕರಿಗೆ ಬೇರೆ ಸಾಕ್ಷಿ ಬೇಕಾ? ಮುಂದಿನ ಸೀಸನ್‌ನಿಂದಲೇ ಚೆಸ್ಲಿ ವಾರ ವಾರ ಎಸಿಸಿ ಪಂದ್ಯ ತೋರಿಸತೊಡಗಿದರು. ಗ್ರೀನ್ಸ್‌ಬರೊದ ಪೈಲಟ್ ಲೈಫ್ ವಿಮಾ ಕಂಪನಿ ವರ್ಷಗಟ್ಟಲೆ ಪ್ರಾಯೋಜಕನಾಗಿತ್ತು. ಅದರ ಜಾಹೀರಾತಿನ ಹಾಡು ಅಲ್ಲಿಯ ಹಿರಿಯರಿಗೆ ಇವತ್ತಿಗೂ ಬಾಯಿಪಾಠ.

ಇನ್ನೊಂದು ಮಾತು. ಎಸಿಸಿ ಟೂರ್ನಿಯ ಮೊದಲ ಸುತ್ತು ಶುಕ್ರವಾರ ಮಧ್ಯಾಹ್ನ ಶುರುವಾಗುತ್ತಿತ್ತಲ್ಲ, ಅವತ್ತು ನಾರ್ತ್ ಕೆರೊಲಿನಾದ ಶಾಲೆಗಳಲ್ಲಿ ಮೇಷ್ಟ್ರುಗಳೇ ಚಕ್ರದ ಸ್ಟ್ಯಾಂಡ್ ಮೇಲಿನ ಟಿ.ವಿ.ಯನ್ನು ತಳ್ಳಿಕೊಂಡು ಕ್ಲಾಸಿಗೆ ತರುತ್ತಿದ್ದರು. ಪಾಠ ಬಂದ್. ಆ ಟೂರ್ನಿಗೆ ಅಷ್ಟು ಬೆಲೆ ಬರಲು ಕಾರಣವೂ ಇತ್ತು. 1974ರವರೆಗೆ ಅದನ್ನು ಗೆದ್ದ ಒಂದೇ ತಂಡಕ್ಕೆ ರಾಷ್ಟ್ರೀಯ ಟೂರ್ನಿಗೆ ಪ್ರವೇಶ. ಆ ವರ್ಷದ ಫೈನಲ್‌ನಲ್ಲಿ ಎನ್‌.ಸಿ. ಸ್ಟೇಟ್ ಓವರ್‌ಟೈಮ್‌ನಲ್ಲಿ 103-100ರಿಂದ ಗೆದ್ದಿತು. ಮೂರೇ ಪಾಯಿಂಟ್‌ನಿಂದ ಸೋತ ಮೇರಿಲ್ಯಾಂಡ್ ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದರೂ ಅದಕ್ಕೆ ಟೂರ್ನಿಯ ಬಾಗಿಲು ಮುಚ್ಚಿತು. ಮರುವರ್ಷ ನಿಯಮ ಸಡಿಲವಾಯಿತು.

ಚೆಸ್ಲಿ ಕೈಯಿಂದ ಹಕ್ಕು 1981ರಲ್ಲಿ ಮೆಟ್ರೊಸ್ಪೋರ್ಟ್ಸ್ ಅನ್ನುವ ಕಂಪನಿಗೆ ಹೋಯಿತು. ಒಂದೇ ಸೀಸನ್. 1982-83ರಿಂದ ರೇಕಾಂ ಮತ್ತು ಜೆಫರ್ಸನ್ ಕಂಪನಿ ಜೊತೆಯಾಗಿ ನಡೆಸಿದವು.

ಪ್ರಶ್ನೆ: ಷಾರ್ಲೆಟ್‌ನಲ್ಲಿದ್ದಾಗ ಇಎಸ್‌ಪಿಎನ್‌ಗೆ ದುಡ್ಡು ಕಟ್ಟುತ್ತಿದ್ದೆ. ಆದರೂ ಕೆಲವು ಪಂದ್ಯಗಳ ಹೊತ್ತಿಗೆ ಅಲ್ಲಿ ಬೇರೇನೋ ಬರುತ್ತಿತ್ತು. ನ್ಯೂಜೆರ್ಸಿಯ ತಮ್ಮನಿಗೆ ಮಾತ್ರ ಸರಿಯಾಗಿ ಕಾಣುತ್ತಿತ್ತು. ಯಾಕೆ? — ಓದುಗರು, ಈಗ ಹುಬ್ಬಳ್ಳಿ

ಅದಕ್ಕೆ ಬ್ಲ್ಯಾಕೌಟ್ ಅನ್ನುತ್ತಾರೆ. ಷಾರ್ಲೆಟ್‌ನ ಸ್ಟೇಷನ್ ಆ ಪಂದ್ಯವನ್ನು ರೇಕಾಂನಿಂದ ತೆಗೆದುಕೊಂಡಿತ್ತು. ತನ್ನ ಊರಿನಲ್ಲಿ ತನಗೊಬ್ಬನಿಗೇ ಆ ಪಂದ್ಯ ಅನ್ನುವ ಭರವಸೆ ಇದ್ದರೆ ಮಾತ್ರ ಅದರ ಜಾಹೀರಾತಿಗೆ ಬೆಲೆ. ಹಾಗಾಗಿ ಎಸಿಸಿ ಊರುಗಳಲ್ಲಿ ಇಎಸ್‌ಪಿಎನ್ ಬೇರೆ ಕಾರ್ಯಕ್ರಮ ಹಾಕುತ್ತಿತ್ತು. ನ್ಯೂಜೆರ್ಸಿಯಲ್ಲಿ ಅಂಥ ಸ್ಟೇಷನ್ ಇರಲಿಲ್ಲ, ತಮ್ಮನಿಗೆ ಕಂಡಿತು. ಆ ಹೊತ್ತಿಗೆ ಊರಿನ ಚಾನೆಲ್ ತಿರುಗಿಸಿದ್ದರೆ ನಿಮಗೂ ಪುಕ್ಕಟೆ ಸಿಗುತ್ತಿತ್ತು.

ಪ್ರಶ್ನೆ: 1968ರ ಹ್ಯೂಸ್ಟನ್–ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ) ಪಂದ್ಯವನ್ನು ಯಾವ ದೊಡ್ಡ ನೆಟ್‌ವರ್ಕ್ ಕೂಡ ತೋರಿಸಲಿಲ್ಲ ಅಂತ ನಮ್ಮ ಕೋಚ್ ಹೇಳುತ್ತಾರೆ. ನಿಜವಾ? — ವಿದ್ಯಾರ್ಥಿ, ಮಂಗಳೂರು

ನಿಮ್ಮ ಕೋಚ್ ಹೇಳಿದ್ದು ನಿಜ. ಅದನ್ನು ತೋರಿಸಿದ್ದು ಟಿವಿಎಸ್ ಅನ್ನುವ ಸಿಂಡಿಕೇಷನ್ ಕಂಪನಿ. ಅದರ ಮಾಲೀಕ ಎಡ್ಡಿ ಐನ್‌ಹಾರ್ನ್. ಪ್ರಸಾರದ ಹಕ್ಕಿಗಾಗಿ ಅವರು ಕೊಟ್ಟದ್ದು 27,000 ಡಾಲರ್. ಸುಮಾರು 120 ಸ್ಟೇಷನ್‌ಗಳನ್ನು ಅವರು ಒಪ್ಪಿಸಿದರು. ಜನವರಿ 20, ಶನಿವಾರ ರಾತ್ರಿ. ಎಲ್ಲ ನೆಟ್‌ವರ್ಕ್‌ಗಳೂ ತಮ್ಮ ಒಳ್ಳೆಯ ಕಾರ್ಯಕ್ರಮ ಹಾಕುವ ಹೊತ್ತು. ಅವನ್ನೆಲ್ಲ ಬಿಟ್ಟು ಸ್ಟೇಷನ್‌ಗಳು ಕಾಲೇಜು ಹುಡುಗರ ಆಟ ಹಾಕಿದವು.

ಆಟ ನಡೆದದ್ದು ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ. ಅದು ಬೇಸ್‌ಬಾಲ್ ಸ್ಟೇಡಿಯಂ. ಬ್ಯಾಸ್ಕೆಟ್‌ಬಾಲ್ ಅಂಕಣವನ್ನೇ ಲಾಸ್ ಏಂಜಲೀಸ್‌ನಿಂದ ತುಂಡು ತುಂಡಾಗಿ ತರಿಸಿ ನಡುವೆ ಜೋಡಿಸಿದ್ದರು. ಮೊದಲ ಸಾಲಿನವರೂ ಅಂಕಣದಿಂದ ತುಂಬಾ ದೂರ. ಹಾಗಿದ್ದೂ 52,693 ಜನ ಬಂದರು. 47 ಪಂದ್ಯ ಸತತವಾಗಿ ಗೆದ್ದಿದ್ದ ಯುಸಿಎಲ್‌ಎ 71-69ರಿಂದ ಸೋತಿತು. ಹ್ಯೂಸ್ಟನ್‌ನ ಎಲ್ವಿನ್ ಹೇಯ್ಸ್ 39 ಪಾಯಿಂಟ್ ಹೊಡೆದರು. ಆಗ ಲ್ಯೂ ಆಲ್ಸಿಂಡರ್ ಅಂತಿದ್ದ ಕರೀಂ ಅಬ್ದುಲ್ ಜಬ್ಬಾರ್ ಕಣ್ಣಿನ ಗಾಯದ ನಡುವೆಯೇ ಆಡಿ 15 ಹೊಡೆದರು. ಮಾರ್ಚ್‌ನಲ್ಲಿ ಯುಸಿಎಲ್‌ಎ ಇದೇ ಹ್ಯೂಸ್ಟನ್ ತಂಡವನ್ನು 101-69ರಿಂದ ಮಣಿಸಿ ಲೆಕ್ಕ ಚುಕ್ತಾ ಮಾಡಿತು.

ಕಾಲೇಜು ಆಟ ಅದರ ಊರಿನವರಿಗೆ ಮಾತ್ರ ಅನ್ನುವ ನಂಬಿಕೆ ಆ ರಾತ್ರಿ ಮುರಿಯಿತು. ಮರುವರ್ಷವೇ ರಾಷ್ಟ್ರೀಯ ಟೂರ್ನಿ ಎನ್‌ಬಿಸಿಗೆ ಬಂತು. ಐನ್‌ಹಾರ್ನ್ ಅವರ ಧೈರ್ಯ ನನಗೆ ಬಹಳ ಇಷ್ಟ. ದೊಡ್ಡವರು ಬೇಡ ಅಂದದ್ದನ್ನು ಅವರು ಒಂದೊಂದೇ ಸ್ಟೇಷನ್‌ಗೆ ಮಾರಿ ಗೆದ್ದರು.

ಪ್ರಶ್ನೆ: ಟಿ.ವಿ.ಗಾಗಿ ಆಟದ ನಿಯಮವನ್ನೇ ಬದಲಿಸಿದ್ದಾರಾ? — ದೈಹಿಕ ಶಿಕ್ಷಕರು, ಧಾರವಾಡ

ಟಿ.ವಿ. ಟೈಮ್‌ಔಟ್ ಅಂತೂ ಟಿ.ವಿ.ಗೇ ಹುಟ್ಟಿದ್ದು. ಇನ್ನು ಶಾಟ್ ಕ್ಲಾಕ್, ಅಂದರೆ ಇಷ್ಟು ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಲೇಬೇಕು ಅನ್ನುವ ಗಡಿಯಾರ. 1982ರ ಎಸಿಸಿ ಫೈನಲ್ ದೇಶಕ್ಕೆಲ್ಲ ಕಂಡಿತು. ಯುಎನ್‌ಸಿಯಲ್ಲಿ ಮೈಕಲ್ ಜೋರ್ಡನ್, ವರ್ಜೀನಿಯಾದಲ್ಲಿ ರಾಲ್ಫ್ ಸ್ಯಾಂಪ್ಸನ್. ಇಂಥವರಿದ್ದೂ ಕೊನೆಯಲ್ಲಿ ಯುಎನ್‌ಸಿ ಒಂದು ಪಾಯಿಂಟ್ ಮುಂದಿದ್ದಾಗ ಹೊಡೆಯಲು ಹೋಗದೆ ನಿಮಿಷಗಟ್ಟಲೆ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡಿತು. ನಿಯಮದಲ್ಲಿ ತಪ್ಪೇನಿರಲಿಲ್ಲ. 47-45ಕ್ಕೆ ಗೆದ್ದಿತು. ನೋಡುವವರಿಗೆ ಸಿಟ್ಟು ಬಂತು. ಮುಂದಿನ ಸೀಸನ್‌ನಲ್ಲಿ ಎಸಿಸಿ 30 ಸೆಕೆಂಡ್ ಕ್ಲಾಕ್ ಮತ್ತು ಮೂರು ಪಾಯಿಂಟ್ ಗೆರೆಯನ್ನು ಪ್ರಯೋಗ ಮಾಡಿತು. ದೇಶದ ಎಲ್ಲ ಕಾಲೇಜುಗಳಿಗೆ 45 ಸೆಕೆಂಡ್ ಕ್ಲಾಕ್ ಬಂದದ್ದು 1985-86ರಲ್ಲಿ. ಟಿ.ವಿ. ಒಂದರಿಂದಲೇ ಆಯಿತು ಅನ್ನಲಾರೆ. ನಿಧಾನದ ಆಟದ ಬಗ್ಗೆ ಬೇಸರ ಮೊದಲಿಂದಲೂ ಇತ್ತು.

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯಗಳ ಪಂದ್ಯವನ್ನು ಕನ್ನಡ ಚಾನೆಲ್‌ಗಳು ಹೀಗೆ ತೋರಿಸಬಾರದೇಕೆ? — ಓದುಗರು, ಮೈಸೂರು

ಚಾನೆಲ್ ಮನಸ್ಸು ಮಾಡಿದರೂ ತೋರಿಸಲು ವಾರ ವಾರ ಆಟವೇ ಇಲ್ಲ. ನಮ್ಮ ಅಂತರ ವಿಶ್ವವಿದ್ಯಾಲಯ ಟೂರ್ನಿಗಳು ವಲಯವಾರು ನಡೆಯುತ್ತವೆ. ಒಂದು ಕ್ಯಾಂಪಸ್‌ಗೆ ತಂಡಗಳೆಲ್ಲ ಬಂದು ಕೆಲವೇ ದಿನಗಳಲ್ಲಿ ಮುಗಿಸಿ ಹೋಗುತ್ತವೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೊ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಕೂಡ ಹಾಗೆಯೇ ಕೆಲವು ದಿನಗಳದ್ದು. ಎಸಿಸಿಯಲ್ಲಿ ತಂಡಗಳು ಚಳಿಗಾಲವಿಡೀ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಆಡುತ್ತವೆ. ಎಲ್ಲರ ಹಕ್ಕನ್ನೂ ಕಾನ್ಫರೆನ್ಸ್ ಒಂದೇ ಕಡೆಯಿಂದ ಮಾರುತ್ತದೆ. ಮೈಸೂರು, ಮಂಗಳೂರು, ಬೆಂಗಳೂರು, ಧಾರವಾಡದ ಕಾಲೇಜುಗಳು ಸೇರಿ ಶನಿವಾರಕ್ಕೊಂದು ಪಂದ್ಯದಂತೆ ಎರಡು ತಿಂಗಳು ಆಡಲಿ. ಆಗ ಚಾನೆಲ್‌ನವರ ಹತ್ತಿರ ಹೋಗಿ ಮಾತಾಡಬಹುದು. ಹೀಗೆ ಮಾಡಲು ಯಾರಾದರೂ ಮುಂದೆ ಬರಲಿ ಅಂತ ನನಗೆ ನಿಜವಾಗಿ ಆಸೆ ಇದೆ.

ಪ್ರಶ್ನೆ: ಮಾವನವರು ಶಿವಮೊಗ್ಗದಿಂದ ಬಂದು ಚಳಿಗಾಲ ಪೂರ್ತಿ ನಮ್ಮ ಜೊತೆ ಇರುತ್ತಾರೆ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಕೇಬಲ್ ಹಾಕಿಸದೆ ಅವರಿಗೆ ಪಂದ್ಯ ತೋರಿಸಲು ದಾರಿ ಇದೆಯಾ? — ಓದುಗರು, ಮಾರಿಸ್‌ವಿಲ್

ಇದೆ. 2023ರಿಂದ ಎಸಿಸಿಯ ಒಂದಿಷ್ಟು ಪಂದ್ಯಗಳು ಸಿಡಬ್ಲ್ಯೂ ಅನ್ನುವ ನೆಟ್‌ವರ್ಕ್‌ನಲ್ಲಿ ಬರುತ್ತಿವೆ. ಅದನ್ನು ಆಂಟೆನಾದಲ್ಲೇ ಹಿಡಿಯಬಹುದು. ತಯಾರಿಸುವವರು ಅದೇ ರೇಕಾಂ. ಪುರುಷರ ಪಂದ್ಯ ಜಾಸ್ತಿ, ಮಹಿಳೆಯರದೂ ಕೆಲವು ಇರುತ್ತವೆ. ಈ ಒಪ್ಪಂದ 2026-27ರ ಸೀಸನ್‌ವರೆಗೆ ಅಂತ ಮಾಡಿಕೊಂಡದ್ದು.

ಒಂದು ಸಾದಾ ಆಂಟೆನಾ ತಂದು ಕಿಟಕಿ ಹತ್ತಿರ ಇಡಿ. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಚಾನೆಲ್ ಸ್ಕ್ಯಾನ್ ಕೊಡಿ. ಎಲ್ಲ ಚಾನೆಲ್ ಸಿಗದಿದ್ದರೆ ಜಾಗ ಬದಲಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯ ಒಂದು ಪಾಲು ಸಿಬಿಎಸ್‌ನಲ್ಲಿ ಬರುತ್ತದೆ, ಅದಕ್ಕೂ ಇದೇ ಆಂಟೆನಾ ಸಾಕು. ಫೈನಲ್ ಮಾತ್ರ ಬೆಸ ವರ್ಷಗಳಲ್ಲಿ ಸಿಬಿಎಸ್, ಸಮ ವರ್ಷಗಳಲ್ಲಿ ಟಿಬಿಎಸ್. ಟಿಬಿಎಸ್ ಚಂದಾ ಚಾನೆಲ್. ಮಾವನವರ ಟಿಕೆಟ್ ಮಾಡಿಸುವಾಗ ಏಪ್ರಿಲ್ ಮೊದಲ ವಾರ ದಾಟಲಿ, ಫೈನಲ್ ಸಾಮಾನ್ಯವಾಗಿ ಆಗಲೇ.