ಪಂಪ್ ಬೀರುವಿನಲ್ಲಿ, ಹುಡುಗ ಮೈದಾನದಲ್ಲಿ

ತೀರ್ಥಹಳ್ಳಿ ಕಡೆಯ ತಾಯಿಯೊಬ್ಬರ ಪತ್ರ: ನಾಲ್ಕನೇ ಕ್ಲಾಸಿನ ಮಗನಿಗೆ ಉಬ್ಬಸ. ಅವನ ಇನ್ಹೇಲರನ್ನು ಶಾಲೆಯವರು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಆಟಕ್ಕೂ ಬಿಡುವುದಿಲ್ಲ. 'ಪಂಪ್ ಚಟ ಆಗಿಬಿಡುತ್ತೆ' ಅಂತ ಅತ್ತೆಗೆ ಭಯ. ಏನು ಮಾಡಲಿ?

ನಮಸ್ಕಾರ ಅಮ್ಮ,

ನನಗೆ ಮೊದಲು ಸಿಟ್ಟು ಬಂದಿದ್ದು ಆ ಬೀಗದ ಮೇಲೆ. ಕೀ ಇಟ್ಟುಕೊಂಡವರು ಅವತ್ತು ಮೀಟಿಂಗಿಗೆ ಹೋಗಿದ್ದರೆ? ನೀಲಿ ಪಂಪ್, ಅಂದರೆ ಉಬ್ಬಸ ಬಂದಾಗ ಕೊಡುವ ಸಾಲ್ಬುಟಮಾಲ್ ಔಷಧದ ಇನ್ಹೇಲರ್, ಮತ್ತು ಸ್ಪೇಸರ್, ಅಂದರೆ ಪಂಪಿಗೆ ಸಿಕ್ಕಿಸಿ ಉಸಿರೆಳೆಯುವ ಕೊಳವೆ, ಹುಡುಗನ ಬ್ಯಾಗಿನಲ್ಲೇ ಇರಲಿ. ಇನ್ನೊಂದು ಸೆಟ್ ಕ್ಲಾಸ್ ಟೀಚರ್ ಹತ್ತಿರ, ಬೀಗವಿಲ್ಲದೆ. ಅವನು ಮೈದಾನಕ್ಕೆ ಹೋದರೆ ಅದೂ ಮೈದಾನಕ್ಕೆ.

ಟೀಚರಿಗೂ ಹೆದರಿಕೆ ಇರುತ್ತೆ, ಜಗಳ ಬೇಡ. ಏನು ಮಾಡಬೇಕು ಅಂತ ಡಾಕ್ಟರ ಕೈಲಿ ಕನ್ನಡದಲ್ಲೇ ಒಂದು ಹಾಳೆ ಬರೆಸಿ ಕೊಡಿ. ಸಾಮಾನ್ಯವಾಗಿ ಹೇಳುವುದು ಇಷ್ಟು: ಮಗುವನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಪಂಪ್ ಕುಲುಕಿ ಸ್ಪೇಸರಿಗೆ ಒಂದು ಸಲ ಒತ್ತಿ, ಮಗು ಅದರಲ್ಲಿ 4 ಸಲ ಉಸಿರಾಡಲಿ. ಹೀಗೆ 4 ಪಫ್. 4 ನಿಮಿಷ ಕಾದು, ಕಡಿಮೆಯಾಗದಿದ್ದರೆ ಮತ್ತೆ 4. ಆಗಲೂ ಇಲ್ಲವೆಂದರೆ 108. ತುಟಿ ನೀಲಿಯಾದರೆ, ಒಂದು ಮಾತು ಪೂರ್ತಿ ಆಡಲಾಗದಿದ್ದರೆ ಕಾಯುವುದೇ ಬೇಡ, ತಕ್ಷಣ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೂ ಪಫ್ ಕೊಡುತ್ತಿರಿ. ಇನ್ನೊಂದು ಮಾತು. ಮಗು ಒದ್ದಾಡುತ್ತಲೇ ಇದ್ದು 'ಸುಯ್' ಸದ್ದು ಮಾತ್ರ ನಿಂತರೆ ವಾಸಿಯಾಯಿತು ಅಂದುಕೊಳ್ಳಬಾರದು. ಎದೆಯಲ್ಲಿ ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ.

ಅತ್ತೆಗೆ ಈ ಲೆಕ್ಕ ಹೇಳಿ. ಇದೇ ಔಷಧದ ಒಂದು ಮಾತ್ರೆ 2 ಮಿಲಿಗ್ರಾಂ. ಒಂದು ಪಫ್ 100 ಮೈಕ್ರೋಗ್ರಾಂ, ಇಪ್ಪತ್ತರಲ್ಲಿ ಒಂದು ಪಾಲು. ಹೊಟ್ಟೆ ಸುತ್ತಿ ಬರದೆ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಅಷ್ಟೇ ಸಾಕು. ಚಟದ ಮಾತೇ ಇಲ್ಲ. ಆದರೆ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ನೀಲಿ ಪಂಪ್ ಬೇಕಾದರೆ ಡಾಕ್ಟರಿಗೆ ತಿಳಿಸಿ. ಉಬ್ಬಸ ಬಾರದಂತೆ ತಡೆಯುವ ಇನ್ನೊಂದು ಪಂಪನ್ನು ಅವರು ಬರೆದುಕೊಟ್ಟಿದ್ದರೆ, ಮಗ ಚೆನ್ನಾಗಿದ್ದಾನೆ ಅಂತ ನೀವೇ ನಿಲ್ಲಿಸಬೇಡಿ. ಅದನ್ನು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಲಿ.

ಆಟ ಬಿಡಿಸುವುದು ನನಗೆ ಸರಿಕಾಣುವುದಿಲ್ಲ. ಆಟಕ್ಕೆ 15 ನಿಮಿಷ ಮುಂಚೆ ಪಫ್ ಬೇಕಾ ಅಂತ ಡಾಕ್ಟರನ್ನು ಕೇಳಿ, ಕಬಡ್ಡಿಗೆ ಕಳಿಸಿ.

ನಮ್ಮ ಮಲೆನಾಡಿನ ಮಳೆ ನಿಲ್ಲಿಸಲು ಯಾರಿಂದ ಆಗುತ್ತೆ? ಬೂಷ್ಟು ಹಿಡಿದ ಗೋಡೆ ಪಕ್ಕ ಅವನನ್ನು ಕೂರಿಸದಿರಲಿ, ಮಕ್ಕಳು ಬರುವ ಮೊದಲೇ ಕಸ ಗುಡಿಸಲಿ, ಅಷ್ಟು ಕೇಳಬಹುದು. ಮನೆಯಲ್ಲಿ ಅಡಿಕೆ ಬೇಯಿಸುವಾಗ ಹಂಡೆಯ ಒಲೆ ಹತ್ತಿರ ಅವನು ಸುಳಿಯದಂತೆ ನೋಡಿಕೊಳ್ಳಿ. ಚಳಿ ಕಾಯಿಸುವ ಆಸೆ ಎಲ್ಲ ಮಕ್ಕಳಿಗೂ ಇರುತ್ತೆ, ಅಲ್ವಾ?

ಬೀರು ತೆರೆದರಾ ಅಂತ ಒಂದು ಕಾರ್ಡು ಹಾಕಿ.

– ಸಂ.